ಮಗಳಿಗೊಂದು ಪತ್ರ: ಕ್ರಾಂತಿ ಗೆದ್ದ ಮೇಲೆ

ಪ್ರೀತಿಯ ಮಗಳೇ,

ಜನ ಸೇರಿ ಒಬ್ಬ ಸರ್ವಾಧಿಕಾರಿಯನ್ನು ಓಡಿಸಿದರೆ ಅದೇ ಕುರ್ಚಿಗೆ ಇನ್ನೊಬ್ಬ ಬಂದು ಕೂರೋದು ಯಾಕಮ್ಮಾ ಅಂತ ಕೇಳಿದ್ದೆ. ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಹಾಗೆ ಕೂತವರೆಲ್ಲ ಮೊದಲಿನಿಂದಲೂ ಮೋಸಗಾರರು ಅಂದುಕೊಳ್ಳಬೇಡ. ಫ್ರೆಂಚ್ ಕ್ರಾಂತಿಯ ಮುಂದಾಳು ರೋಬೆಸ್ಪಿಯರ್ 1791ರಲ್ಲಿ ಮರಣದಂಡನೆಯೇ ಬೇಡ ಅಂತ ಸಭೆಯಲ್ಲಿ ವಾದಿಸಿದವನು. 1793ರಲ್ಲಿ ಹೊಸ ಸಂವಿಧಾನ ಸಿದ್ಧವಾಯಿತು. ಆದರೆ ಗಡಿಯಲ್ಲಿ ಯುದ್ಧ, ಒಳಗೆ ದಂಗೆ. ಶಾಂತಿ ಬರುವವರೆಗೆ ಇರಲಿ ಅಂತ ಅದನ್ನು ಪಕ್ಕಕ್ಕಿಟ್ಟರು. ಅದು ಜಾರಿಗೆ ಬರಲೇ ಇಲ್ಲ. ಬಂದದ್ದು 1794ರ ಜೂನ್ ತಿಂಗಳ ಕಾನೂನು: ಆರೋಪಿಗೆ ವಕೀಲನಿಲ್ಲ, ತಪ್ಪಿತಸ್ಥ ಅಂತಾದರೆ ಸಾವೊಂದೇ ಶಿಕ್ಷೆ. ಏಳು ವಾರಗಳಲ್ಲಿ ಪ್ಯಾರಿಸ್ ಒಂದರಲ್ಲೇ ಸಾವಿರಕ್ಕೂ ಜಾಸ್ತಿ ಜನರ ತಲೆ ಕಡಿದರು. ಕೊನೆಗೆ ರೋಬೆಸ್ಪಿಯರ್‌ನದೂ ಹೋಯಿತು, ವಿಚಾರಣೆಯೇ ಇಲ್ಲದೆ.

ನನ್ನನ್ನು ಹೆಚ್ಚು ಕಾಡುವುದು ರಷ್ಯಾದ ಕ್ರಾನ್‌ಸ್ಟಾಟ್ ನೌಕಾನೆಲೆಯ ನಾವಿಕರ ಕಥೆ. 1917ರಲ್ಲಿ ಕ್ರಾಂತಿ ಮಾಡಿ ಅಧಿಕಾರ ಹಿಡಿದ ಲೆನಿನ್ ಪಕ್ಷದವರ, ಅಂದರೆ ಬೊಲ್ಶೆವಿಕರ, ಬೆನ್ನಿಗೆ ನಿಂತವರು ಅವರು. ನಾಲ್ಕು ವರ್ಷ ಕಾದರು. 1921ರಲ್ಲಿ ಹಡಗಿನ ಮೇಲೆ ಸೇರಿ ಬೇಡಿಕೆಗಳನ್ನು ಬರೆದರು. ಮೊದಲನೆಯದೇ, ಸೋವಿಯತ್‌ಗಳಿಗೆ (ಕಾರ್ಮಿಕರು, ಸೈನಿಕರು ಆರಿಸುವ ಸಭೆಗಳಿಗೆ) ಗುಪ್ತ ಮತದಾನದಿಂದ ಹೊಸ ಚುನಾವಣೆ. ಆಮೇಲೆ ಮಾತಿನ ಸ್ವಾತಂತ್ರ್ಯ, ಸಮಾಜವಾದಿ ಕೈದಿಗಳ ಬಿಡುಗಡೆ. ಕ್ರಾಂತಿ ಕೊಟ್ಟ ಮಾತನ್ನೇ ಅವರು ವಾಪಸ್ ಕೇಳಿದ್ದು, ಅಲ್ವಾ? ಅವರಿಗೆ ಕ್ರಾಂತಿಯ ಶತ್ರುಗಳೆಂಬ ಹಣೆಪಟ್ಟಿ ಕಟ್ಟಿದರು. ಹೆಪ್ಪುಗಟ್ಟಿದ ಸಮುದ್ರದ ಮೇಲೆ ನಡೆದುಬಂದ ಬೊಲ್ಶೆವಿಕರ ಕೆಂಪು ಸೇನೆ ಮಾರ್ಚ್‌ನಲ್ಲಿ ಅವರನ್ನು ಮುಗಿಸಿತು.

ಇರಾನಿನಲ್ಲಿ ಕಟ್ಟಡವೇ ಬದಲಾಗಲಿಲ್ಲ. ಹಿಂದಿನ ದೊರೆ ಷಾ ಕಾಲದ ಎವಿನ್ ಜೈಲಿಗೆ 1979ರ ಕ್ರಾಂತಿಯ ನಂತರ ಹೊಸ ಸರ್ಕಾರವೂ ತನ್ನ ವಿರೋಧಿಗಳನ್ನೇ ತುಂಬಿತು.

ಹಾಗಾದರೆ ಜನ ಸುಮ್ನೆ ಸಹಿಸಿಕೊಂಡಿರಬೇಕಾ? ಖಂಡಿತ ಇಲ್ಲ. ರಷ್ಯಾದ ದೊರೆ ತ್ಸಾರ್ ಆಗಲಿ ಇರಾನಿನ ಷಾ ಆಗಲಿ ಬೇರೆ ದಾರಿಯನ್ನೇ ಬಿಟ್ಟಿರಲಿಲ್ಲ. ವರ್ಷಗಟ್ಟಲೆ ಪಕ್ಷ, ಪತ್ರಿಕೆ, ಸಂಘಗಳನ್ನೆಲ್ಲ ತುಳಿದ ದೇಶದಲ್ಲಿ ಹೊಸಬರನ್ನು ತಡೆಯುವವರೂ ಉಳಿದಿರುವುದಿಲ್ಲ. ಅದರ ಪಾಪದಲ್ಲಿ ಹಳಬರಿಗೂ ಪಾಲಿದೆ.

ಆದರೆ ಪೋರ್ಚುಗಲ್ ಬಗ್ಗೆಯೂ ಓದು. 1974ರ ಏಪ್ರಿಲ್ 25ರಂದು ಸೈನಿಕರೇ 48 ವರ್ಷಗಳ ಸರ್ವಾಧಿಕಾರವನ್ನು ಉರುಳಿಸಿ, ವರ್ಷದೊಳಗೆ ಚುನಾವಣೆ ಅಂದರು. ನಡುವೆ, 1975ರ ಮಾರ್ಚ್‌ನಲ್ಲಿ, ಸೈನ್ಯದೊಳಗೇ ದಂಗೆಯ ಪ್ರಯತ್ನ ನಡೆಯಿತು. ಚುನಾವಣೆ ಕೈಬಿಡಲು ಅಷ್ಟು ನೆಪ ಸಾಕಿತ್ತು. ಕೈಬಿಡಲಿಲ್ಲ. ಸರಿಯಾಗಿ ವರ್ಷ ತುಂಬಿದ ದಿನ ಶೇ. 90ಕ್ಕೂ ಹೆಚ್ಚು ಜನ ಬಂದು ಮತ ಹಾಕಿದರು.

ನಿನ್ನ ಅಮ್ಮ