ಪಿನಾಂಗ್‌ನ ಗಡಿಯಾರ ಗೋಪುರ ಕಟ್ಟಿಸಿದವರು ಯಾರು?

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಪ್ರವಾಸ ಪುಟದಲ್ಲಿ ಮಲೇಷ್ಯಾದ ಪಿನಾಂಗ್ ದ್ವೀಪವನ್ನು ಕುರಿತು ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಅಲ್ಲಿನ ಜಾರ್ಜ್ ಟೌನ್ ಪಟ್ಟಣದ ವಿಕ್ಟೋರಿಯಾ ಸ್ಮಾರಕ ಗಡಿಯಾರ ಗೋಪುರವನ್ನು ಬ್ರಿಟಿಷ್ ಸರ್ಕಾರವೇ ತನ್ನ ರಾಣಿಗಾಗಿ ಕಟ್ಟಿಸಿತು ಎಂದು ಲೇಖಕರು ಬರೆದಿರುವುದು ಸರಿಯಲ್ಲ. ಇದನ್ನು ತಿದ್ದಬೇಕೆಂಬ ಉದ್ದೇಶದಿಂದಲೇ ಈ ಪತ್ರ.

ಲೈಟ್ ಸ್ಟ್ರೀಟ್ ಮತ್ತು ಬೀಚ್ ಸ್ಟ್ರೀಟ್ ಕೂಡುವಲ್ಲಿ ನಿಂತಿರುವ ಆ ಗೋಪುರವನ್ನು ಪಟ್ಟಣಕ್ಕೆ ಕೊಡುಗೆಯಾಗಿ ನೀಡಿದವರು ಚಿಯಾ ಚೆನ್ ಇಯೋಕ್ ಎಂಬ ಸ್ಥಳೀಯ ಚೀನೀ ಸಿರಿವಂತರು. ವಿಕ್ಟೋರಿಯಾ ರಾಣಿ ಪಟ್ಟಕ್ಕೆ ಬಂದದ್ದು 1837ರಲ್ಲಿ. ಆಕೆಯ ಆಳ್ವಿಕೆಗೆ ಅರವತ್ತು ವರ್ಷ ತುಂಬಿದ 1897ರ ವಜ್ರ ಮಹೋತ್ಸವದ ನೆನಪಿಗೆಂದು ಅವರು ಇದನ್ನು ಕಟ್ಟಿಸಲು ಮುಂದಾದರು. ವರ್ಷಕ್ಕೊಂದು ಅಡಿಯಂತೆ ಗೋಪುರದ ಎತ್ತರ ಅರವತ್ತು ಅಡಿ. ಅಷ್ಟಕೋನದ ಪೀಠ, ಅದರ ಮೇಲೆ ಕಿಟಕಿಗಳಿರುವ ಅಂತಸ್ತುಗಳು, ತುದಿಯಲ್ಲಿ ಕಂಬಗಳ ಮೇಲೆ ಕುಳಿತ ಪುಟ್ಟ ಗುಮ್ಮಟ. ಈ ಗುಮ್ಮಟದ ಶೈಲಿ ಲಂಡನ್ನಿನದಲ್ಲ, ಮೂರಿಷ್ ಎಂದು ಕರೆಯುವ ಮುಸ್ಲಿಂ ನಾಡುಗಳದು. ಚೀನೀ ದಾನಿ, ಇಂಗ್ಲಿಷ್ ರಾಣಿ, ಮಲಯ ನೆಲ, ಮೂರಿಷ್ ಗುಮ್ಮಟ ಇವೆಲ್ಲ ಒಂದೇ ಕಟ್ಟಡದಲ್ಲಿ ಸೇರಿರುವುದೇ ಆ ಬಂದರು ಪಟ್ಟಣದ ನಿಜವಾದ ಪರಿಚಯವೆಂದು ನಾನು ಭಾವಿಸುತ್ತೇನೆ. ಸರ್ಕಾರದ ಹೆಸರಿನಲ್ಲಿ ಅದನ್ನು ಹೇಳಿಬಿಟ್ಟರೆ ಈ ಪರಿಚಯವೇ ಕಳೆದುಹೋಗುತ್ತದೆ.

ಕೆಲಸ ಮುಗಿದದ್ದು 1902ರಲ್ಲಿ. ಅಷ್ಟರಲ್ಲಿ, 1901ರ ಜನವರಿಯಲ್ಲಿ, ರಾಣಿ ತೀರಿಕೊಂಡಿದ್ದರು. ಎರಡನೆಯ ಮಹಾಯುದ್ಧದ ಬಾಂಬ್ ದಾಳಿಯಿಂದಾಗಿ ಗೋಪುರ ತುಸು ವಾಲಿತೆಂದು ಹೇಳಲಾಗುತ್ತದೆ. ವಸಾಹತು ಆಳ್ವಿಕೆ ಕೊನೆಗೊಂಡ ಮೇಲೂ ಊರಿನವರು ಅದನ್ನು ಕೆಡವಲಿಲ್ಲ. 2008ರಲ್ಲಿ ಜಾರ್ಜ್ ಟೌನ್, ಮಲಕ್ಕಾದೊಂದಿಗೆ, ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಪರಕೀಯ ರಾಣಿಗೆ ತೋರಿದ ರಾಜನಿಷ್ಠೆಯನ್ನು ಇಂದು ನಾವು ಮೆಚ್ಚಬೇಕಾಗಿಲ್ಲ. ಆದರೆ ಆ ನಿಷ್ಠೆಯನ್ನು ತೋರಿದವರು ಯಾರು, ಹಣ ಕೊಟ್ಟವರು ಯಾರು ಎಂಬುದನ್ನು ಮರೆಮಾಚಿದರೆ ಇತಿಹಾಸವನ್ನು ಅರ್ಧಕ್ಕೆ ನಿಲ್ಲಿಸಿದಂತಾಗುತ್ತದೆ.

ಕನ್ನಡದ ಓದುಗರಿಗೆ ಆ ಜಾಗ ತೀರ ಅಪರಿಚಿತವೂ ಅಲ್ಲ. ಗೋಪುರದ ಸಮೀಪದಲ್ಲೇ ಇರುವ ಕೋಟೆಗೆ ಕಾರ್ನ್‌ವಾಲಿಸ್‌ನ ಹೆಸರಿದೆ. 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ, ಟಿಪ್ಪುವಿನಿಂದ ಅರ್ಧ ರಾಜ್ಯವನ್ನು ಕಿತ್ತುಕೊಂಡ ಗವರ್ನರ್ ಜನರಲ್ ಈತನೇ. ದ್ವೀಪದ ಎದುರಿನ ಕರಾವಳಿಗೂ ಬ್ರಿಟಿಷರು ವೆಲ್ಲೆಸ್ಲಿಯ ಹೆಸರಿಟ್ಟಿದ್ದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಗವರ್ನರ್ ಜನರಲ್ ಆಗಿದ್ದವನು ಅವನು. ಕಾವೇರಿಯ ನಡುವಿನ ನಮ್ಮ ದ್ವೀಪಪಟ್ಟಣದ ಚರಿತ್ರೆಯನ್ನು ಬಲ್ಲವರು ಅಲ್ಲಿಗೆ ಹೋದಾಗ ಈ ಹೆಸರುಗಳನ್ನು ಗಮನಿಸದೆ ಇರಲಾರರು.

ಇದೇ ಬಗೆಯ ತಪ್ಪು ನಮ್ಮ ಊರಿನಲ್ಲೂ ಆಗುತ್ತಿದೆ. ಮೈಸೂರಿನ ಪುರಭವನದ ಬಳಿಯಿರುವ, ಕನ್ನಡ ಅಂಕಿಗಳನ್ನು ಹೊತ್ತ ದೊಡ್ಡ ಗಡಿಯಾರವನ್ನು ಮಹಾರಾಜರು ಕಟ್ಟಿಸಿದರೆಂದು ಎಷ್ಟೋ ಕಡೆ ಬರೆಯಲಾಗುತ್ತದೆ. ವಾಸ್ತವದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಆಳ್ವಿಕೆಯ ರಜತ ಮಹೋತ್ಸವದ ನೆನಪಿಗೆ, 1927ರಲ್ಲಿ, ಅದನ್ನು ಕಟ್ಟಿಸಿದವರು ಅರಮನೆಯ ನೌಕರರು. ಪಿನಾಂಗ್‌ನ ಗೋಪುರ ಪೂರ್ಣಗೊಂಡ 1902ರಲ್ಲೇ ನಾಲ್ವಡಿಯವರು ರಾಜ್ಯಾಧಿಕಾರ ವಹಿಸಿಕೊಂಡದ್ದು ಕಾಕತಾಳೀಯ. ದೊರೆಯ ಹೆಸರಿನ ಜೊತೆಗೆ, ಅವರ ಮೇಲಿನ ಪ್ರೀತಿಯಿಂದ ಆ ಗೋಪುರವನ್ನು ಎತ್ತಿ ನಿಲ್ಲಿಸಿದ ನೌಕರರ ನೆನಪೂ ಉಳಿಯಬೇಕು ಎಂಬುದು ಮೈಸೂರಿನವನಾದ ನನ್ನ ಆಸೆ.

ಆದ್ದರಿಂದ ಮುಂದಿನ ವಾರದ ಪ್ರವಾಸ ಪುಟದಲ್ಲಿ ಚಿಯಾ ಚೆನ್ ಇಯೋಕ್ ಅವರ ಹೆಸರನ್ನು ನಮೂದಿಸಿ ತಿದ್ದುಪಡಿ ಪ್ರಕಟಿಸಬೇಕೆಂದೂ, ದೊಡ್ಡ ಗಡಿಯಾರದ ಬಗ್ಗೆ ಬರೆಯುವಾಗಲೆಲ್ಲ ಅರಮನೆ ನೌಕರರ ಕೊಡುಗೆಯನ್ನು ಉಲ್ಲೇಖಿಸಬೇಕೆಂದೂ ಕೋರುತ್ತೇನೆ.

ಇಂತಿ,
ಓದುಗ, ಮೈಸೂರು