ರಿಜಿಸ್ಟರ್‌ನಲ್ಲಿ ಇಲ್ಲದ ಓದುಗರು

ಪ್ರೀತಿಯ ಪುಟ್ಟಿ,

ಚೆನ್ನಾಗಿದ್ದೀಯಾ? ನಾವೆಲ್ಲ ಚೆನ್ನಾಗಿದ್ದೇವೆ. ಅಜ್ಜಿಯ ಮಂಡಿ ನೋವು ಮಾತ್ರ ಇದ್ದ ಹಾಗೇ ಇದೆ.

ಮೊನ್ನೆ ಫೋನಿನಲ್ಲಿ ಹೇಳಿದೆಯಲ್ಲ, ನಿಮ್ಮ ಆಫೀಸಿನಲ್ಲಿ ಶುಕ್ರವಾರ ಊಟದ ಹೊತ್ತಿಗೆ ಒಬ್ಬೊಬ್ಬರೂ ಈಗ ಏನು ಓದುತ್ತಿದ್ದೀವಿ ಅಂತ ಹೇಳಿಕೊಳ್ಳುತ್ತೀರಂತ. "ನಮ್ಮಮ್ಮ ಊರಲ್ಲಿ ಲೈಬ್ರರಿ ನೋಡ್ಕೋತಾರೆ ಅಂದೆ. ಅಲ್ಲಿ ಜನ ಏನು ಓದ್ತಾರೆ ಅಂತ ಕೇಳಿಬಿಟ್ರು, ನಂಗೆ ಹೇಳೋಕೇ ಬರಲಿಲ್ಲ" ಅಂದೆ. ಆವಾಗ ಕುಕ್ಕರ್ ಕೂಗುತ್ತಿತ್ತು, ನಾನೂ ಏನೂ ಹೇಳಲಿಲ್ಲ. ಇವತ್ತು ಮಧ್ಯಾಹ್ನ ಕರೆಂಟ್ ಇಲ್ಲ, ಯಾರೂ ಬಂದಿಲ್ಲ. ರಿಜಿಸ್ಟರ್ ಪಕ್ಕದಲ್ಲಿ ಇಟ್ಟುಕೊಂಡು ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ಈ ರಿಜಿಸ್ಟರ್ ನಂಬಬೇಡ. ಹೆಸರು, ಪುಸ್ತಕದ ನಂಬರ್, ಕೊಟ್ಟ ತಾರೀಕು, ವಾಪಸ್ ಬಂದ ತಾರೀಕು, ಎಲ್ಲ ನಾನೇ ಗೆರೆ ಹಾಕಿ ಬರೆದದ್ದು. ಆದರೆ ತಗೊಂಡು ಹೋಗುವವರು ಒಬ್ಬರು, ಓದುವವರು ಇನ್ನೊಬ್ಬರು. ಹನ್ನೆರಡು ವರ್ಷದಿಂದ ಇಲ್ಲಿ ಕೂತಿದ್ದರೂ ನನಗೆ ಇದು ಗೊತ್ತಾದದ್ದು ತಡವಾಗಿ.

ಕೆರೆ ಏರಿ ಕಡೆ ರೇಷ್ಮೆ ಹುಳು ಮೇಯಿಸುತ್ತಾರಲ್ಲ, ಆ ಮನೆಯವರು ತಿಂಗಳಿಗೆ ಎರಡು ಕಾದಂಬರಿ ಒಯ್ಯುತ್ತಿದ್ದರು. ಎಂಥ ಓದುಗ ಅಂದುಕೊಂಡಿದ್ದೆ. ಒಂದು ಸಲ "ಕೊನೆ ಹೇಗಿತ್ತು?" ಅಂತ ಕೇಳಿದರೆ, "ನಂಗೇನಕ್ಕ ಗೊತ್ತು, ಓದೋದು ನಮ್ಮ ಮನೆಯವಳು" ಅಂದರು. ಗೌರಿ ಹಬ್ಬಕ್ಕೆ ಅರಿಶಿನ ಕುಂಕುಮಕ್ಕೆ ಕರೆದಾಗ ಹೋಗಿ ನೋಡಿದೆ. ಆಯಮ್ಮನಿಗೆ ಲೈಬ್ರರಿ ತನಕ ಬರಲು ಪುರುಸೊತ್ತೆಲ್ಲಿ? ಬೆಳಗ್ಗೆ ಸೊಪ್ಪು, ಮಧ್ಯಾಹ್ನ ಸೊಪ್ಪು, ರಾತ್ರಿ ಸೊಪ್ಪು. "ಮತ್ತೆ ಓದೋದು ಯಾವಾಗಮ್ಮ?" ಅಂದೆ. "ಹುಳ ಜ್ವರಕ್ಕೆ ಕೂತಾಗ ಅಕ್ಕ" ಅಂದಳು.

ನಿನ್ನ ಆಫೀಸಿನವರಿಗೆ ಇದನ್ನು ಬಿಡಿಸಿ ಹೇಳಬೇಕಾದೀತು. ರೇಷ್ಮೆ ಹುಳು ಗೂಡು ಕಟ್ಟುವ ಮುಂಚೆ ನಾಲ್ಕು ಸಲ ಪೊರೆ ಬಿಡುತ್ತದೆ. ಅದಕ್ಕೇ ಜ್ವರ ಅನ್ನುವುದು. ತಲೆ ಎತ್ತಿಕೊಂಡು ಅಲ್ಲಾಡದೆ ಕೂತಿರುತ್ತದೆ, ಹೆಚ್ಚುಕಡಿಮೆ ಒಂದು ದಿನ ಏನೂ ತಿನ್ನುವುದಿಲ್ಲ. ಸೊಪ್ಪು ಹಾಕುವ ಹಾಗೂ ಇಲ್ಲ. ಆ ದಿನ ಆಯಮ್ಮನ ಓದು. ನಾಲ್ಕನೇ ಜ್ವರ ಎದ್ದ ಮೇಲೆ ಹುಳು ತಿನ್ನುವುದು ನೋಡಬೇಕು, ಮನೆಯೊಳಗೆ ಸೋನೆ ಮಳೆ ಸುರಿದ ಹಾಗೆ ಸದ್ದು. ಹುಳು ಹಣ್ಣಾಗಿ, ಗೂಡು ಕಟ್ಟಲಿ ಅಂತ ಚಂದ್ರಿಕೆಗೆ ಹಾಕುವ ತನಕ ಪುಸ್ತಕ ಮುಟ್ಟುವಂತಿಲ್ಲ. ಈಗ ಆ ಮನೆಯಿಂದ ಪುಸ್ತಕ ತಡವಾದರೆ ನಾನು ಕೇಳುವುದೇ ಇಲ್ಲ.

ಆಯಮ್ಮನಿಗೆ ತ್ರಿವೇಣಿ ಅಂದರೆ ಪ್ರಾಣ. ನಮ್ಮಲ್ಲಿ ಇದ್ದಷ್ಟೂ ಮುಗಿಸಿದ್ದಾಳೆ. "ಅವರದ್ದು ಹೊಸದು ಬಂದ್ರೆ ನಂಗೆ ಎತ್ತಿಡಿ ಅಕ್ಕ" ಅಂದಳು. ತ್ರಿವೇಣಿ ತೀರಿಹೋಗಿದ್ದು 1963ರಲ್ಲಿ, ಇನ್ನೂ ಮೂವತ್ತೈದು ತುಂಬಿರಲಿಲ್ಲ. ಹೇಳಲು ಬಾಯಿ ಬರಲಿಲ್ಲ ಪುಟ್ಟಿ. "ಆಯ್ತಮ್ಮ" ಅಂದುಬಿಟ್ಟೆ. ಮುಂದಿನ ಸಲ ಎಂ.ಕೆ. ಇಂದಿರಾ ಕೊಟ್ಟು ಕಳಿಸಿದೆ.

ಹುಡುಗರ ಓದು ಬೇರೆ. ಪಿಡಿಒ, ಪೊಲೀಸ್, ಎಫ್‌ಡಿಎ, ಎಸ್‌ಡಿಎ ಅಂತ ಸರ್ಕಾರಿ ಕೆಲಸದ ಪರೀಕ್ಷೆಗೆ ಓದುವ ಹತ್ತು ಹನ್ನೆರಡು ಜನ ಬೆಳಗ್ಗೆ ಬಾಗಿಲು ತೆಗೆಯುವ ಮುಂಚೆಯೇ ಮೆಟ್ಟಿಲ ಮೇಲೆ ಕೂತಿರುತ್ತಾರೆ. ಅವರು ಓದುವುದು ಆರನೇ ಕ್ಲಾಸಿನಿಂದ ಹತ್ತನೇ ಕ್ಲಾಸಿನ ತನಕ ಸಮಾಜ ವಿಜ್ಞಾನದ ಪುಸ್ತಕ. ಶಾಲೆಯಲ್ಲಿ ಮುಟ್ಟದೇ ಇದ್ದದ್ದನ್ನು ಇಪ್ಪತ್ತಾರನೇ ವಯಸ್ಸಿನಲ್ಲಿ ಗೆರೆ ಎಳೆದು ಓದುತ್ತಿದ್ದಾರೆ. ಇದೂ ಓದೇ, ನಿಮ್ಮ ಶುಕ್ರವಾರದ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ಪೇಪರ್ ಓದುವವರು ಎಲ್ಲರಿಗಿಂತ ಜಾಸ್ತಿ. ಟೊಮೆಟೊ ಬೆಳೆದವರು ಮೊದಲು ತೆಗೆಯುವುದು ಕೋಲಾರ ಎಪಿಎಂಸಿ ರೇಟ್. ಫೋನಿನಲ್ಲಿ ಬೆಳಗ್ಗೆಯೇ ನೋಡಿರುತ್ತಾರೆ, ಆದರೂ ಅಚ್ಚಿನಲ್ಲಿ ನೋಡಿದರೇ ಸಮಾಧಾನ. 2023ರ ಜುಲೈಯಲ್ಲಿ ಹದಿನೈದು ಕೆಜಿ ಬಾಕ್ಸ್ ಎರಡು ಸಾವಿರ ದಾಟಿದಾಗ ಒಬ್ಬರು ಆ ಪುಟವನ್ನೇ ಕತ್ತರಿಸಿಕೊಂಡು ಹೋದರು. ನಾನು ಬೈದರೆ, "ಕಂದಾಯದ ಜೊತೆ ನಿಮ್ಮ ಲೈಬ್ರರಿಗೂ ಸೆಸ್ ಕಟ್ತೀನಮ್ಮ" ಅಂದರು. ನೂರಕ್ಕೆ ಆರು ರೂಪಾಯಿ ಗ್ರಂಥಾಲಯ ಕರ ಇದೆಯಲ್ಲ, ಅದು. ಬೋರ್ಡಿನ ಮೇಲೆ ಅರಿವು ಕೇಂದ್ರ ಅಂತ ಬರೆಸಿದ್ದು ಯಾರ ಬಾಯಲ್ಲೂ ಬರುವುದಿಲ್ಲ, ಸೆಸ್ ಮಾತ್ರ ಎಲ್ಲರಿಗೂ ನೆನಪಿದೆ!

ರಿಟೈರ್ ಆದ ಮೇಷ್ಟ್ರು ಕಗ್ಗ ಹಿಡಿದಿದ್ದಾರೆ. ದಿನಕ್ಕೊಂದೇ ಪದ್ಯ. 945 ಪದ್ಯ ಮುಗಿಯಲು ಎರಡೂವರೆ ವರ್ಷಕ್ಕಿಂತ ಜಾಸ್ತಿ ಬೇಕು, ಈಗ ಅವರದು ಎರಡನೇ ಸುತ್ತು. ನನಗೋ ನಾಲ್ಕು ಪದ್ಯ ಒಟ್ಟಿಗೆ ಓದಿದರೆ ತಲೆ ಭಾರ. ಡಿವಿಜಿ ಹುಟ್ಟಿದ ಮುಳಬಾಗಿಲಿನವಳಾಗಿ ಹೀಗೆ ಹೇಳಬಾರದು, ನೀನೂ ಎಲ್ಲೂ ಹೇಳಬೇಡ.

ಹೋದ ವರ್ಷ, ಅಂದರೆ 2025ರ ಮೇ ತಿಂಗಳಲ್ಲಿ, ಬಾನು ಮುಷ್ತಾಕ್ ಅವರಿಗೆ ಇಂಟರ್‌ನ್ಯಾಷನಲ್ ಬೂಕರ್ ಬಂತಲ್ಲ, ಆಗ ನಾಲ್ಕು ಜನ ಬಂದು ಅವರ ಪುಸ್ತಕ ಕೇಳಿದರು. ಕನ್ನಡಕ್ಕೆ ಆ ಬಹುಮಾನ ಮೊದಲ ಸಲ. ನಮ್ಮಲ್ಲಿ ಇರಲಿಲ್ಲ. ಕೋಲಾರಕ್ಕೆ ಹೋದಾಗ ನಾನೇ ದುಡ್ಡು ಕೊಟ್ಟು ತಂದೆ. ಕಾಲೇಜು ಹುಡುಗಿಯೊಬ್ಬಳು ಒಯ್ದಳು. ಎರಡು ತಿಂಗಳಾದ ಮೇಲೆ ವಾಪಸ್ ತಂದುಕೊಟ್ಟವನು ಇನ್ನೊಂದು ಬೀದಿಯ ಹುಡುಗ. "ನಮ್ಮಮ್ಮಿ ಕೊಟ್ಟು ಬಾ ಅಂದ್ರು" ಅಂದ. ಆ ನಡುವೆ ಎಷ್ಟು ಮನೆ ಹೊಕ್ಕು ಬಂತೋ. ರಟ್ಟು ಕಿತ್ತುಹೋಗಿತ್ತು, ಯಾರೋ ಹಳೇ ಕ್ಯಾಲೆಂಡರ್ ಹಾಳೆಯಲ್ಲಿ ಬೈಂಡ್ ಹಾಕಿದ್ದರು. ರಿಜಿಸ್ಟರ್‌ನಲ್ಲಿ ಒಂದೇ ಹೆಸರು ಇದೆ.

ಇದೆಲ್ಲಕ್ಕಿಂತ ನಿನಗೆ ಹೇಳಬೇಕು ಅನ್ನಿಸಿದ್ದು ನಮ್ಮ ಪಕ್ಕದ ಮನೆಯ ಅವ್ವನ ವಿಷಯ. ಮೊಮ್ಮಗ ಎಂಟನೇ ಕ್ಲಾಸು. ಮಾಸ್ತಿಯವರ ಸಣ್ಣ ಕಥೆಗಳನ್ನು ಒಂದಾದ ಮೇಲೆ ಒಂದು ಒಯ್ಯುತ್ತಿದ್ದಾನೆ. ಈ ವಯಸ್ಸಿಗೆ ಮಾಸ್ತಿನಾ ಅಂತ ನನಗೆ ಅನುಮಾನ. ಒಂದು ಸಂಜೆ ಜಗಲಿ ಮೇಲೆ ನೋಡಿದೆ. ಹುಡುಗ ಒಂದು ಪ್ಯಾರಾ ಕನ್ನಡದಲ್ಲಿ ಓದಿಕೊಳ್ಳುತ್ತಾನೆ, ಆಮೇಲೆ ಅದನ್ನು ಅವ್ವನಿಗೆ ತೆಲುಗಿನಲ್ಲಿ ಹೇಳುತ್ತಾನೆ. ಅವ್ವ ಅವರೆಕಾಯಿ ಸುಲಿಯುತ್ತಾ "ಊಂ, ಊಂ" ಅನ್ನುತ್ತಾರೆ. ಅವರಿಗೆ ಕನ್ನಡ ಅಕ್ಷರವೂ ಬಾರದು, ತೆಲುಗು ಅಕ್ಷರವೂ ಬಾರದು. ನಮ್ಮ ಗಡಿ ಊರುಗಳಲ್ಲಿ ಮನೆಮಾತು ತೆಲುಗು, ಶಾಲೆ ಕನ್ನಡ. ನಿನಗೆ ಹೊಸದೇನಲ್ಲ. ಆದರೆ ಮಾಸ್ತಿಯವರ ಮನೆಮಾತು ತಮಿಳು ಅಲ್ವಾ? ಇದೇ ಜಿಲ್ಲೆಯ ಮಾಲೂರು ಕಡೆಯವರು. ತಮಿಳು ಮನೆಯಲ್ಲಿ ಬೆಳೆದು ಕನ್ನಡದಲ್ಲಿ ಬರೆದ ಕಥೆಯನ್ನು ನಮ್ಮ ಅವ್ವ ತೆಲುಗಿನಲ್ಲಿ ಕೇಳುತ್ತಿದ್ದಾರೆ. ಕಥೆ ಮುಗಿದ ಮೇಲೆ ಅವ್ವ, "ಬಾಗುಂದಿ. ಆದ್ರೆ ಆ ಹುಡುಗಿ ಸುಮ್ನೆ ಇರಬಾರದಿತ್ತು" ಅಂದರು. ಅರ್ಧ ಗಂಟೆ ಇಬ್ಬರೂ ಅದರ ಮೇಲೆ ಜಗಳ ಆಡಿದರು. ನಾನು ಹಾಲು ತರಲು ಹೊರಟವಳು ಅಲ್ಲೇ ನಿಂತೆ. ಡೈರಿ ಮುಚ್ಚಿತ್ತು, ಆ ರಾತ್ರಿ ನಿಮ್ಮಪ್ಪನಿಗೆ ಬರೀ ಬೆಲ್ಲದ ಕಾಫಿ.

ನೀನು ಏನು ಓದುತ್ತಿದ್ದೀಯಮ್ಮ ಅಂತ ಕೇಳುತ್ತೀಯ. ನಿಜ ಹೇಳಲಾ? ಈ ಬೀರುವಿನಲ್ಲಿ ಇರುವ ಮುಕ್ಕಾಲು ಪಾಲು ಪುಸ್ತಕದ ಮೊದಲ ಇಪ್ಪತ್ತು ಪುಟ ಓದಿದ್ದೇನೆ. ಅಷ್ಟರಲ್ಲಿ ಯಾರಾದರೂ ಬಂದು "ಅಕ್ಕ, ಅದು ಚೆನ್ನಾಗಿದೆಯಾ?" ಅಂತ ಕೇಳುತ್ತಾರೆ. ಕೊಟ್ಟುಬಿಡುತ್ತೇನೆ. ವಾಪಸ್ ಬರುವ ಹೊತ್ತಿಗೆ ನನ್ನ ಕೈಯಲ್ಲಿ ಬೇರೆಯದು ಇರುತ್ತದೆ.

ಇನ್ನೊಂದು ವಿಷಯ. ನಿಮ್ಮ ಶುಕ್ರವಾರದ ಗುಂಪಿನಲ್ಲಿ ನೀನು ಹೇಳಿದ್ದು ತೇಜಸ್ವಿಯವರ ಕರ್ವಾಲೊ ಅಂದೆಯಲ್ಲ, ಮತ್ತೆ ಓದುತ್ತಿದ್ದೀನಿ, ಎಷ್ಟನೇ ಸಲವೋ ಅಂತ. ಅಜ್ಜಿಗೆ ಕಥೆ ಹೇಳುವ ಆ ಹುಡುಗನೇ ಹದಿನೈದು ದಿನದಿಂದ ಅದನ್ನು ಕೇಳುತ್ತಿದ್ದಾನೆ. ವಿಜ್ಞಾನದ ಮೇಡಂ ಹಾರುವ ಓತಿ ಬಗ್ಗೆ ಹೇಳಿದ್ದಾರಂತೆ. ಹುಡುಕಿದೆ, ಬೀರುವಿನಲ್ಲಿ ಇಲ್ಲ. ರಿಜಿಸ್ಟರ್ ತೆಗೆದೆ. 2021ರ ಫೆಬ್ರವರಿ, ನನ್ನದೇ ಕೈಬರಹ, ನಿನ್ನ ಹೆಸರು. ವಾಪಸ್ ಬಂದ ತಾರೀಕಿನ ಜಾಗ ಇನ್ನೂ ಖಾಲಿ ಇದೆ.

ಶನಿವಾರ ಬರುವಾಗ ತಗೊಂಡು ಬಾ. ಹುಡುಗನಿಗೆ ಭಾನುವಾರ ಅಂತ ಹೇಳಿದ್ದೇನೆ.

ಇಂತಿ ನಿನ್ನ
ಅಮ್ಮ