ಪರವಲಯ ಮಕ್ಕಳ ಕೈಯಲ್ಲೇ ಮೂಡಲಿ

ಮಾನ್ಯರೇ,

ಪ್ರಥಮ ಪಿಯುಸಿಯಲ್ಲಿ ಪರವಲಯ (ಪ್ಯಾರಾಬೋಲಾ), ದೀರ್ಘವೃತ್ತ (ಎಲಿಪ್ಸ್), ಅತಿಪರವಲಯ (ಹೈಪರ್ಬೋಲಾ) ಎಂಬ ವಕ್ರರೇಖೆಗಳ ಪಾಠ ಬಂದಾಗ ಬಹಳಷ್ಟು ಮಕ್ಕಳು ಸಮೀಕರಣ ಬಾಯಿಪಾಠ ಮಾಡಿ ಮುಗಿಸುತ್ತಾರೆ. ಆ ವಕ್ರರೇಖೆ ಹುಟ್ಟುವುದು ಹೇಗೆಂದು ನೋಡುವುದೇ ಇಲ್ಲ. ಆಸ್ಟ್ರಿಯಾದ ಮಾರ್ಕುಸ್ ಹೋಹೆನ್‌ವಾರ್ಟರ್ 2001ರಲ್ಲಿ ಆರಂಭಿಸಿದ ಜಿಯೋಜಿಬ್ರಾ ಎಂಬ, ಆಕೃತಿಗಳನ್ನು ಎಳೆದು ಸರಿಸಿ ನೋಡುವ ಗಣಿತ ತಂತ್ರಾಂಶ ತರಗತಿಯ ಬಳಕೆಗೆ ಉಚಿತ; ಮೊಬೈಲಿನಲ್ಲೂ ನಡೆಯುತ್ತದೆ.

ಅದರಲ್ಲಿ ಒಂದು ಸರಳರೇಖೆ, ರೇಖೆಯಾಚೆ ನಾಭಿ ಎಂಬ ಒಂದು ಸ್ಥಿರ ಬಿಂದು ಇಡಿ. ರೇಖೆಯ ಮೇಲೆ ಬಿಂದುವೊಂದನ್ನಿಟ್ಟು ಅಲ್ಲಿಂದ ಲಂಬ ಎಳೆಯಿರಿ. ಆ ಬಿಂದುವನ್ನೂ ನಾಭಿಯನ್ನೂ ಸೇರಿಸುವ ಗೆರೆಯ ಲಂಬಾರ್ಧಕವು (ಗೆರೆಯನ್ನು ನಡುವೆ ಲಂಬವಾಗಿ ಕಡಿಯುವ ರೇಖೆ) ಈ ಲಂಬವನ್ನು ಕಡಿಯುವ ಜಾಗ ನಾಭಿಯಿಂದಲೂ ರೇಖೆಯಿಂದಲೂ ಸಮದೂರ. ಈಗ ರೇಖೆಯ ಮೇಲಿನ ಬಿಂದುವನ್ನು ಬೆರಳಿನಿಂದ ಸರಿಸಿದರೆ ಆ ಸಮದೂರದ ಜಾಗದ ಜಾಡಿನಲ್ಲಿ ಪರವಲಯ ಕಣ್ಣೆದುರೇ ಮೂಡುತ್ತದೆ. ಲಂಬಾರ್ಧಕ ಅದನ್ನು ಒಂದೇ ಕಡೆ ಮುಟ್ಟಿಕೊಂಡು ಹೋಗುವುದನ್ನು ಕಂಡ ಮಕ್ಕಳು, 'ಇದು ಸ್ಪರ್ಶಕ ಅಲ್ವಾ ಮೇಡಂ, ಯಾಕೆ ಹೀಗೆ?' ಎನ್ನುತ್ತಾರೆ. ಸಾಧನೆ (ರುಜುವಾತು) ಬರೆಸಲು ಅದಕ್ಕಿಂತ ಒಳ್ಳೆಯ ಗಳಿಗೆ ಇಲ್ಲ. ರೇಖೆಯ ಬದಲು ವೃತ್ತ, ಲಂಬದ ಬದಲು ಕೇಂದ್ರದಿಂದ ಆ ಬಿಂದುವಿನ ಮೂಲಕ ಹೊರಟ ಗೆರೆ ಇಟ್ಟು ನೋಡಿ: ನಾಭಿ ವೃತ್ತದೊಳಗಿದ್ದರೆ ದೀರ್ಘವೃತ್ತ, ಹೊರಗೆಳೆದರೆ ಅತಿಪರವಲಯ!

ಸ್ಮಾರ್ಟ್ ಕ್ಲಾಸ್ ಪರದೆ ಇರುವ ಕಡೆಯೂ ವಿಡಿಯೊ ಹಾಕಿ ಪಾಠ ಮುಗಿಸುವುದುಂಟು. ವಿಡಿಯೊದಲ್ಲಿ ಬಿಂದು ಸರಿಸುವ ಕೈ ಬೇರೆಯವರದು. ಇಲಾಖೆಯು ಉಪನ್ಯಾಸಕರ ತರಬೇತಿಯಲ್ಲಿ ಇದಕ್ಕೆ ಒಂದು ದಿನ ಮೀಸಲಿಡಲಿ. ಕನ್ನಡ ಪರಿಭಾಷೆಯಲ್ಲೇ ಸಿದ್ಧ ಚಟುವಟಿಕೆಗಳನ್ನು ಎಲ್ಲ ಕಾಲೇಜುಗಳಿಗೂ ತಲುಪಿಸಲಿ.

– ಗಣಿತ ಉಪನ್ಯಾಸಕಿ, ಹಾವೇರಿ